ಪಾನತ್ಯಾಗಿಗಳ ಗೋಷ್ಠಿಯ ಪೂರ್ವಚರಿತ್ರೆ

ಧರ್ಮಶಾಸ್ತ್ರಕಾರರು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಎಣಿಸಿರುವರು. ಅಷ್ಟಕ್ಕೇ ನಿಲ್ಲದೆ, ಅಂತಹ ಪಾತಕಿಗಳ ಸಂಸರ್ಗವನ್ನೇ ಐದನೆಯ ಮಹಾಪಾತಕವೆಂದು ಪರಿಗಣಿಸಿರುವರು. ಕುಡುಕನ ಸಂಗದಿಂದ ಕುಡಿತವು ಅಂಟುವುದೆಂಬುದು ಲೋಕಾನುಭವವೂ ಅಹುದು. ಆದರೆ ಆ ಸಂಸರ್ಗವೇ ಔಷಧವಾಗಿ ಪರಿಣಮಿಸಿದ ವಿಚಿತ್ರವಾದ ಚರಿತ್ರೆಯೊಂದು ಅಮೆರಿಕಾ ದೇಶದಲ್ಲಿ ನಡೆದಿರುವುದು. ಸಂಸ್ಕೃತ ಕಾವ್ಯಗಳಲ್ಲಿ ಪಾನಗೋಷ್ಠಿಯ ವರ್ಣನೆಗೆ ಕೊರತೆಯಿಲ್ಲ; ಪಾನವನ್ನು ಬಿಟ್ಟವರ ಗೋಷ್ಠಿಯು ಹೇಗೆ ಹುಟ್ಟಿತು, ಆರ್ತನಾದವನು ಅದರ ಬಾಗಿಲನ್ನು ಹೇಗೆ ಕಂಡುಕೊಂಡನು ಎಂಬುದು ಮಾತ್ರ ಆ ಕವಿಗಳ ದೃಷ್ಟಿಗೆ ಬೀಳದ ವಿಷಯ.

1840ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕುಡಿಯುತ್ತ ಕುಳಿತಿದ್ದ ಆರು ಮಂದಿ ಸ್ನೇಹಿತರು, ಇನ್ನು ಮದ್ಯವನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿ, ಜಾರ್ಜ್ ವಾಷಿಂಗ್ಟನ್ನನ ಹೆಸರಿನಲ್ಲಿ ಸಂಘವೊಂದನ್ನು ಕಟ್ಟಿದರು. ಪಾದ್ರಿಯ ಉಪದೇಶಕ್ಕೆ ಬದಲಾಗಿ ಕುಡುಕನೇ ಎದ್ದು ನಿಂತು ತನ್ನ ಕಥೆಯನ್ನು ಹೇಳುವುದು, ಬಂದವನು ಮುಂದಿನ ಸಭೆಗೆ ಮತ್ತೊಬ್ಬನನ್ನು ಕರೆತರುವುದು, ಇದು ಅವರ ಪದ್ಧತಿ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರು ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದರು. 1842ನೆಯ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನ ಶಾಖೆಯಲ್ಲಿ ಭಾಷಣ ಮಾಡಿದ ತರುಣ ವಕೀಲನು ಅಬ್ರಹಾಂ ಲಿಂಕನ್ನನೇ. ಆದರೂ ಆ ದಶಕವು ಮುಗಿಯುವಷ್ಟರಲ್ಲಿ ಸಂಘವು ಬಹುಮಟ್ಟಿಗೆ ನಾಮಶೇಷವಾಯಿತು. ಎಂದೂ ಕುಡಿಯದವರು ಒಳಹೊಕ್ಕು ಪಾನನಿರೋಧ ಶಾಸನದ ವಾದವಿವಾದಗಳನ್ನು ಎಬ್ಬಿಸಿದರು. ಪ್ರಖ್ಯಾತ ವಾಗ್ಮಿಯಾದ ಜಾನ್ ಗಫ್ ಎಂಬಾತನು 1845ರಲ್ಲಿ ನ್ಯೂಯಾರ್ಕಿನಲ್ಲಿ ಪುನಃ ಮತ್ತನಾಗಿ ಸಿಕ್ಕಿದಾಗ ಪತ್ರಿಕೆಗಳು ಅದನ್ನು ಊರೂರಿಗೆ ಸಾರಿದುವು. ಆತನು ಮೇಲೆದ್ದು ಮುಂದೆ ದಶಕಗಳ ಕಾಲ ಉಪನ್ಯಾಸ ಮಾಡಿದನೆಂಬುದು ಬೇರೆ ಮಾತು. ಒಬ್ಬನ ಪತನದಿಂದ ಪಾನತ್ಯಾಗದ ಕಾರ್ಯಕ್ಕೇ ಕಳಂಕ ತಗಲುವುದೆಂಬುದಂತೂ ಪ್ರಕಟವಾಯಿತು.

ತೊಂಬತ್ತೈದು ವರ್ಷಗಳ ತರುವಾಯ, 1935ನೆಯ ಮೇ ತಿಂಗಳಲ್ಲಿ, ಓಹಾಯೋ ಸಂಸ್ಥಾನದ ಆಕ್ರನ್ ನಗರದ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬ ಷೇರುವ್ಯಾಪಾರದ ಮನುಷ್ಯನು ಅತ್ತಿಂದಿತ್ತ ತಿರುಗುತ್ತಿದ್ದನು. ಕುಡಿತವನ್ನು ಬಿಟ್ಟು ಐದು ತಿಂಗಳಾಗಿದ್ದಿತು. ಬಂದ ವ್ಯವಹಾರವು ಕೆಟ್ಟಿದ್ದಿತು, ಕೈಯಲ್ಲಿ ಹಣವಿರಲಿಲ್ಲ. ಒಂದು ಪಕ್ಕದಲ್ಲಿ ಪಾನಶಾಲೆಯ ನಗೆಮಾತು ಕೇಳಿಬರುತ್ತಿದ್ದಿತು. ಇನ್ನೊಂದು ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿಯೂ ಟೆಲಿಫೋನೂ ಇದ್ದುವು. ಆ ಐದು ತಿಂಗಳು ಅವನು ನ್ಯೂಯಾರ್ಕಿನಲ್ಲಿ ಅನೇಕ ಕುಡುಕರಿಗೆ ಬೋಧಿಸಿದ್ದರೂ ಒಬ್ಬನೂ ಬಿಟ್ಟಿರಲಿಲ್ಲ. ಬೋಧಿಸಿದ ತಾನು ಮಾತ್ರ ಉಳಿದಿದ್ದನು. ಈ ಸಂಗತಿಯು ಆಗ ಅವನ ಮನಸ್ಸಿಗೆ ಹೊಳೆಯಿತು. ಒಬ್ಬ ಪಾದ್ರಿಗೆ ಟೆಲಿಫೋನು ಮಾಡಿ, ಮಾತನಾಡುವುದಕ್ಕೆ ಒಬ್ಬ ಕುಡುಕನು ಬೇಕೆಂದು ಕೇಳಿದನು. ಇಂತಹ ಬೇಡಿಕೆಯನ್ನು ಆ ಪಾದ್ರಿಯು ಅದಕ್ಕೆ ಮುಂಚೆ ಕೇಳಿರಲಾರನು. ಹೆಸರಿನಿಂದ ಹೆಸರಿಗೆ ಹುಡುಕುತ್ತ ಹೋಗಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಯಿತು. ಆಕೆಗೆ ಗೊತ್ತಿದ್ದ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನು ಕುಡಿತದಿಂದ ವೃತ್ತಿಯನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದನು.

ಮರುದಿನ, ಭಾನುವಾರ ಸಾಯಂಕಾಲ ಐದು ಗಂಟೆಗೆ, ಆಕೆಯ ಮನೆಯಲ್ಲಿ ಅವರಿಬ್ಬರೂ ಕೂಡಿದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಹೇಳಿ ಬಂದಿದ್ದ ವೈದ್ಯನು ರಾತ್ರಿ ಹನ್ನೊಂದು ಕಳೆದ ಮೇಲೆ ಎದ್ದನು. ಉಪದೇಶವನ್ನು ಆತನು ಬೇಕಾದಷ್ಟು ಕೇಳಿದ್ದನು. ಅದೇ ನರಕವನ್ನು ಕಂಡವನ ಮಾತನ್ನು ಕೇಳಿದುದು ಅದೇ ಮೊದಲು. ಆಮೇಲೆ ಒಮ್ಮೆ ಎಡವಿದನು. ಆ ಜೂನ್ ತಿಂಗಳಿನಿಂದ, 1950ನೆಯ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ, ಮತ್ತೆ ಕುಡಿಯಲಿಲ್ಲ.

‘ಆಲ್ಕೊಹಾಲಿಕ್ಸ್ ಅನಾನಿಮಸ್’, ಎಂದರೆ ಅನಾಮಧೇಯ ಪಾನವ್ಯಸನಿಗಳು, ಎಂಬ ಹೆಸರು ಈ ಕೂಟಕ್ಕೆ ನಿಂತುದು 1939ರಲ್ಲಿ, ಅದೇ ಹೆಸರಿನ ಗ್ರಂಥವು ಹೊರಟಾಗ. ಹೆಸರನ್ನು ಮರೆಮಾಡುವುದರಲ್ಲಿ ಗಫ್‌ನ ಪ್ರಕರಣದಂತಹ ಅಪಾಯಕ್ಕೆ ಪರಿಹಾರವಿದ್ದಿತು. ಆದರೆ ಬೇರೊಂದು ತೊಡಕು ಹುಟ್ಟಿತು. ಸದಸ್ಯನ ಹೆಸರೇ ಗೊತ್ತಿಲ್ಲದಿದ್ದರೆ ಹೊಸಬನು ಯಾರ ಮನೆಯ ಬಾಗಿಲನ್ನು ತಟ್ಟಬೇಕು? ಹೆಸರು ಗುಪ್ತ, ವಿಳಾಸ ಪ್ರಕಟ ಎಂಬ ಮಾರ್ಗವನ್ನು ಅವರು ಹಿಡಿದರು. ಗ್ರಂಥದಲ್ಲಿ ನ್ಯೂಯಾರ್ಕಿನ ಒಂದು ಅಂಚೆಪೆಟ್ಟಿಗೆಯ ಸಂಖ್ಯೆಯನ್ನು ಮುದ್ರಿಸಿದರು. ಆ ವರ್ಷವೇ ವೈದ್ಯರಿಗೆ 20,000 ಕಾರ್ಡುಗಳನ್ನು ಕಳುಹಿಸಿ, ಚೀಲ ತುಂಬ ಕಾಗದ ಬರುವುದೆಂದು ನಂಬಿ ಅಂಚೆಮನೆಗೆ ಹೋದರೆ, ಬಂದಿದ್ದುವು 12 ಉತ್ತರಗಳು. ಅವುಗಳಲ್ಲಿ ಪುಸ್ತಕ ಬೇಕೆಂದವು ಎರಡೇ. ಆಕ್ರನ್ನಿನಲ್ಲಿ ಅದೇ ಕಾಲಕ್ಕೆ ಸ್ಮಿತ್ ವೈದ್ಯನೂ ಸಿಸ್ಟರ್ ಇಗ್ನೇಷಿಯಾ ಎಂಬ ಸಂನ್ಯಾಸಿನಿಯೂ, ಆಸ್ಪತ್ರೆಗಳು ಒಲ್ಲದ ಕುಡುಕನೊಬ್ಬನನ್ನು ಜಠರವ್ಯಾಧಿಯೆಂದು ಬರೆಸಿ ಸೇಂಟ್ ಥಾಮಸ್ ಆಸ್ಪತ್ರೆಗೆ ಸೇರಿಸಿಕೊಂಡು, ರೋಗಿಗಳ ಹೂಗಳನ್ನು ಅಣಿಗೊಳಿಸುವ ಕೋಣೆಯಲ್ಲಿ ಮಲಗಿಸಿದರು. ಧರ್ಮಸೂಕ್ಷ್ಮವನ್ನು ಬಲ್ಲವರು ಈ ಅಸತ್ಯವನ್ನು ದೂಷಿಸಲಾರರು.

1941ನೆಯ ಮಾರ್ಚ್ 1ರಂದು ‘ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರನ ಲೇಖನವು ಹೊರಟಿತು. ಸುಮಾರು 2,000ವಿದ್ದ ಸದಸ್ಯರ ಸಂಖ್ಯೆ ಆ ವರ್ಷದ ಕೊನೆಗೆ 8,000ಕ್ಕೆ ಏರಿತು. ಕುಡುಕರೂ ಅವರ ಹೆಂಡಿರೂ ತಾಯಂದಿರೂ ಬರೆದ ಕಾಗದಗಳು ರಾಶಿಬಿದ್ದುವು. ಸಭೆಯಿದ್ದ ಊರಿನವರಿಗೆ ಅದರ ವಿಳಾಸವನ್ನು ತಿಳಿಸಿದರು. ಇಲ್ಲದ ಊರುಗಳವರ ಹೆಸರುಗಳನ್ನು ಪಟ್ಟಿಮಾಡಿ, ಸರಕು ಮಾರಲು ಊರೂರು ತಿರುಗುವ ಸದಸ್ಯರ ಕೈಗೆ ಕೊಟ್ಟರು. ಅವರು ಹಗಲು ಅಂಗಡಿಗಳಲ್ಲಿ ವ್ಯಾಪಾರವನ್ನು ಮುಗಿಸಿಕೊಂಡು, ಸಂಜೆ ಪಟ್ಟಿಯನ್ನು ಹಿಡಿದು ಕಾಗದ ಬರೆದವರ ಮನೆಗಳನ್ನು ಹುಡುಕುವರು. ಒಂದೇ ಊರಿನಲ್ಲಿದ್ದೂ ಪರಸ್ಪರ ಅರಿಯದ ಇಬ್ಬರನ್ನು ಕೂಡಿಸಿದರೆ ಅಲ್ಲೊಂದು ಸಭೆಯಾಗುತ್ತಿದ್ದಿತು. ಪ್ರವೇಶಕ್ಕೆ ಶುಲ್ಕವಿಲ್ಲ; ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಕೆಲವು ಸಭೆಗಳು ವ್ಯಸನಿಗಳಿಗೆ ಮಾತ್ರ; ಕೆಲವಕ್ಕೆ ಮನೆಯವರೂ ಬರಬಹುದು. ಭಾರತದಲ್ಲಿ ಈ ಸಭೆಗಳು 1957ರಿಂದ ಕೂಡತೊಡಗಿದುವು.