ಅಶೋಕನ ಪಟ್ಟಿಯಲ್ಲಿದ್ದ ಕುರುಡು ಡಾಲ್ಫಿನ್

ಇವತ್ತಿನ ಕಂತು ಡಾಲ್ಫಿನ್ ಬಗ್ಗೆ. "ಸಿಂಧನೂರು, ಲಿಂಗಸುಗೂರು ಕಡೆ ಕುಂತು ಡಾಲ್ಫಿನ್ ಕಥೆ ಏನ್ ಹೇಳ್ತೀಯಪ್ಪಾ" ಅಂತ ಈಗಾಗಲೇ ಯಾರೋ ನಕ್ಕಿರ್ತೀರಿ. ಸರಿ, ನಮ್ಮ ಕಡೆ ಸಮುದ್ರ ಇಲ್ಲ. ಆದರೆ ಮಸ್ಕಿಯಲ್ಲಿ ಒಂದು ಬಂಡೆ ಇದೆ. ಅಲ್ಲಿಂದ ಶುರು ಮಾಡೋಣ.

1915. ಮಸ್ಕಿ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ (ಹಟ್ಟಿ ನೆನಪಾಯ್ತಲ್ಲ, ಚಿನ್ನ ಹುಡುಕೋರು ಈ ಸೀಮೆಯಲ್ಲಿ ಆಗಲೂ ಓಡಾಡ್ತಿದ್ರು) ಇಲ್ಲಿನ ಬಂಡೆ ಮೇಲೆ ಹಳೇ ಅಕ್ಷರಗಳನ್ನ ನೋಡಿದ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನ ಓದಿ ಅದೇ ವರ್ಷ ಪ್ರಕಟಿಸಿದರು. ಅದಕ್ಕಿಂತ ಮುಂಚೆ, 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ್ದ. ಆದರೆ ದೊರಕಿದ ಶಾಸನಗಳಲ್ಲೆಲ್ಲಾ 'ದೇವಾನಂಪಿಯ ಪಿಯದಸಿ' ಅಂತ ಬಿರುದು ಮಾತ್ರ ಇರ್ತಿತ್ತು. 'ಅಶೋಕ' ಅನ್ನೋ ಹೆಸರು ಶಾಸನದಲ್ಲಿ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಆಮೇಲೆ ತುಂಗಭದ್ರೆ ಆಚೆ, ಸಿರುಗುಪ್ಪ ಕಡೆಯ ನಿಟ್ಟೂರು, ಉದೇಗೋಳದಲ್ಲೂ ಸಿಕ್ತು. ಇಷ್ಟು ನಮಗೆ ಹೈಸ್ಕೂಲಲ್ಲೇ ಗೊತ್ತು.

ಅದೇ ಅಶೋಕ ಪಟ್ಟಕ್ಕೆ ಬಂದು 26 ವರ್ಷ ಆದಮೇಲೆ ಉತ್ತರ ಭಾರತದ ಕಂಬಗಳ ಮೇಲೆ ಇನ್ನೊಂದು ಶಾಸನ ಕೆತ್ತಿಸಿದ. ಅದು ಐದನೇ ಸ್ತಂಭ ಶಾಸನ. ನಮ್ಮ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ಒಳಗೆ ಇರೋದು ಕೊಲ್ಲಬಾರದ ಪ್ರಾಣಿಗಳ ಪಟ್ಟಿ: ಗಿಳಿ, ಗೊರವಂಕ, ಆಮೆ, ಮುಳ್ಳುಹಂದಿ, ಅಳಿಲು, ಹೀಗೆ. ಪಟ್ಟಿಯ ನಡುವೆ 'ಗಂಗಾಪುಪುಟಕ' ಅಂತ ಒಂದು ಹೆಸರಿದೆ. ಯಾವುದೋ ಮೀನು ಅನ್ನೋರೂ ಇದ್ದಾರೆ. ಹಲವು ವಿದ್ವಾಂಸರು ಮಾತ್ರ ಇದು ಗಂಗಾ ನದಿಯ ಡಾಲ್ಫಿನ್ ಅಂತಾರೆ. ನನಗೆ ಅವರ ಮಾತೇ ಸರಿ ಅನ್ಸುತ್ತೆ. ಈ ಶಾಸನ ಇರೋ ಲೌರಿಯಾ ನಂದನಗಢದ ಕಂಬ ಬಿಹಾರದ ಪಶ್ಚಿಮ ಚಂಪಾರಣ್‌ನಲ್ಲಿ ಇವತ್ತಿಗೂ ನಿಂತಿದೆ. ಆ ಜಿಲ್ಲೆಯಲ್ಲಿ ಹರಿಯೋ ಗಂಡಕ್ ನದಿಯಲ್ಲಿ ಡಾಲ್ಫಿನ್ ಇವತ್ತಿಗೂ ಇವೆ.

ಪಟ್ಟಿಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಇನ್ನೊಂದು ಹೆಸರು 'ಜತುಕ'. ಅಂದ್ರೆ ಬಾವಲಿ. ಕಿವಿಯಿಂದ ದಾರಿ ನೋಡೋ ಎರಡು ಜೀವ ಒಂದೇ ಪಟ್ಟಿಯಲ್ಲಿ! ಬೇಕಂತ ಮಾಡಿದ್ದಲ್ಲ ಬಿಡ್ರಿ, ಅಶೋಕನಿಗೆ ಅದು ಗೊತ್ತಿರೋಕೆ ಸಾಧ್ಯ ಇಲ್ಲ. ಮನುಷ್ಯರಿಗೆ ಅದು ಗೊತ್ತಾಗೋಕೆ ಇನ್ನೂ ಎರಡು ಸಾವಿರ ವರ್ಷ ಬೇಕಾಯ್ತು. 1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿ ಬಾವಲಿಗಳ ಕಣ್ಣು ತೆಗೆದು ಹಾರಿಸಿದ. (ಕ್ರೂರ ಪ್ರಯೋಗ, ಆ ಕಾಲ ಹಂಗಿತ್ತು.) ಅವು ಎಲ್ಲೂ ಡಿಕ್ಕಿ ಹೊಡೀಲಿಲ್ಲ. ಕಿವಿ ಮುಚ್ಚಿದಾಗ ದಾರಿ ತಪ್ಪಿದವು. ಯಾಕೆ ಅಂತ ಗೊತ್ತಾಗಿದ್ದು 1938ರಲ್ಲಿ. ಹಾರ್ವರ್ಡ್‌ನಲ್ಲಿ ಓದ್ತಿದ್ದ ಡೊನಾಲ್ಡ್ ಗ್ರಿಫಿನ್, ನಮ್ಮ ಕಿವಿಗೆ ಕೇಳದ ಸದ್ದನ್ನ ಹಿಡಿಯೋ ಯಂತ್ರದ ಮುಂದೆ ಬಾವಲಿಗಳನ್ನ ಇಟ್ಟ. ಬಾವಲಿ ಕಿರುಚ್ತಾ ಇತ್ತು, ಪ್ರತಿಧ್ವನಿ ಕೇಳಿ ದಾರಿ ತಿಳ್ಕೊಳ್ತಿತ್ತು. 1960ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆನ್ನೆತ್ ನಾರಿಸ್ ಒಂದು ಡಾಲ್ಫಿನ್ ಕಣ್ಣಿಗೆ ರಬ್ಬರ್ ಮುಚ್ಚಳ ಅಂಟಿಸಿ ಬಿಟ್ಟ. ಅದು ಅಡ್ಡ ಇಟ್ಟ ಪೈಪುಗಳ ನಡುವೆ ಆರಾಮಾಗಿ ಈಜಿಕೊಂಡು ಹೋಯ್ತು.

ಗಂಗಾ ಡಾಲ್ಫಿನ್‌ಗೆ ಮುಚ್ಚಳದ ಅಗತ್ಯವೇ ಇಲ್ಲ. ಅದರ ಕಣ್ಣಲ್ಲಿ ಮಸೂರ ಇಲ್ಲ. ಬೆಳಕು ಇದೆಯೋ ಇಲ್ಲವೋ ಅನ್ನೋದು ತಿಳಿದ್ರೆ ಹೆಚ್ಚು. ಗಂಗೆಯ ಕೆಸರು ನೀರಲ್ಲಿ ಕಣ್ಣಿದ್ದೂ ಏನು ಕಾಣುತ್ತೆ ಹೇಳ್ರಿ? ಅದಕ್ಕೇ ಅದು ಒಂದೇ ಸಮನೆ ಟಿಕ್ ಟಿಕ್ ಅಂತ ಸದ್ದು ಬಿಡ್ತಾ, ವಾಪಸ್ ಬರೋ ಪ್ರತಿಧ್ವನಿಯಿಂದ ಮೀನು ಎಲ್ಲಿ, ದಂಡೆ ಎಲ್ಲಿ, ಬಲೆ ಎಲ್ಲಿ ಅಂತ ಲೆಕ್ಕ ಹಾಕುತ್ತೆ. ಆ ಟಿಕ್‌ಗಳ ಕಂಪನ ಸೆಕೆಂಡಿಗೆ 60 ಸಾವಿರದ ಆಸುಪಾಸು. ನಮ್ಮ ಕಿವಿ 20 ಸಾವಿರಕ್ಕೇ ಕೈ ಚೆಲ್ಲುತ್ತೆ. ನಮಗೆ ಕೇಳೋದು ಅದು ಮೇಲೆ ಬಂದು ಉಸಿರು ಬಿಡೋ 'ಸೂಸ್' ಮಾತ್ರ. ಹಿಂದಿಯವರು ಸೋಂಸ್, ಬಂಗಾಳಿಗಳು ಶುಶುಕ್ ಅಂತ ಕರೆಯೋದು ಅದಕ್ಕೇ.

ಈಗ ಗಲಾಟೆ ವಿಷಯಕ್ಕೆ ಬರೋಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ, ನೀರಲ್ಲಿ ಸುಮಾರು 1,500 ಮೀಟರ್. ಹಡಗಿನ ಪ್ರಾಪೆಲ್ಲರ್ ಜೋರಾಗಿ ತಿರುಗಿದಾಗ ನೀರಲ್ಲಿ ಗುಳ್ಳೆ ಹುಟ್ಟಿ ಹುಟ್ಟಿ ಒಡೀತವೆ. ಹಡಗಿನ ಗಲಾಟೆಯ ದೊಡ್ಡ ಪಾಲು ಅದೇ. ಸಮುದ್ರದಲ್ಲಿ ಇದು ಎಷ್ಟು ಕಾಡುತ್ತೆ ಅನ್ನೋದು ಗೊತ್ತಾಗಿದ್ದು ಒಂದು ದುರಂತದಿಂದ. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಓಡಾಟ ತಗ್ಗಿತು. ನೀರಿನೊಳಗಿನ ಗದ್ದಲ 6 ಡೆಸಿಬೆಲ್ ಇಳೀತು. ಅದೇ ಹೊತ್ತಿಗೆ ಅಲ್ಲಿ ರೈಟ್ ವೇಲ್ ಅನ್ನೋ ತಿಮಿಂಗಿಲಗಳ ಲದ್ದಿ ಸಂಗ್ರಹ ನಡೆದಿತ್ತು. ಪರೀಕ್ಷಿಸಿದರೆ ಅದರಲ್ಲಿ ಒತ್ತಡದ ಹಾರ್ಮೋನ್ ಕಮ್ಮಿ! ಗದ್ದಲ ಇದ್ದಷ್ಟು ದಿನ ಅವು ಒದ್ದಾಡ್ತಿದ್ವು ಅಂತ, ಅದು ನಿಂತಾಗ ಗೊತ್ತಾಯ್ತು. ಈ ಅಧ್ಯಯನ ಹೊರಬಂದಿದ್ದು 2012ರಲ್ಲಿ.

ನದಿಯ ಕಥೆ ಸಮುದ್ರಕ್ಕಿಂತ ಇಕ್ಕಟ್ಟು. ಹಲ್ದಿಯಾದಿಂದ ಅಲಹಾಬಾದ್‌ವರೆಗಿನ 1,620 ಕಿಲೋಮೀಟರ್ ಗಂಗೆ 1986ರಿಂದ ರಾಷ್ಟ್ರೀಯ ಜಲಮಾರ್ಗ 1. ಬಿಹಾರದ ಭಾಗಲ್ಪುರ ಹತ್ತಿರ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ 1991ರಿಂದ ಡಾಲ್ಫಿನ್ ಧಾಮ ಇದೆ. ಜಲಮಾರ್ಗ ಹೋಗೋದು ಅದರ ಮಧ್ಯದಿಂದಲೇ. 2018ರ ನವೆಂಬರ್‌ನಲ್ಲಿ ಕೋಲ್ಕತ್ತಾದಿಂದ ಕಂಟೇನರ್ ಹೊತ್ತ ಹಡಗು ವಾರಾಣಸಿ ಮುಟ್ಟಿತು. 2019ರಲ್ಲಿ ಮಯೂಖ್ ಡೇ, ಜಗದೀಶ್ ಕೃಷ್ಣಸ್ವಾಮಿ, ತದಾಮಿಚಿ ಮೊರಿಸಾಕಾ, ನಚಿಕೇತ ಕೇಳ್ಕರ್ ಒಂದು ಅಧ್ಯಯನ ಪ್ರಕಟಿಸಿದರು. ಇದರ ಹಿಂದೆ ನಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆ ಇತ್ತು. ಗಂಗೆಯಲ್ಲಿ ಡಾಲ್ಫಿನ್ ಸದ್ದು, ಹಡಗಿನ ಸದ್ದು ಎರಡನ್ನೂ ರೆಕಾರ್ಡ್ ಮಾಡಿ, ನೀರಿನ ಆಳ ನೋಡಿ, ತಾಳೆ ಹಾಕಿದ್ದರು.

ಅವರಿಗೆ ಸಿಕ್ಕಿದ್ದನ್ನ ಸಿಂಧನೂರಿನ ಭಾಷೆಯಲ್ಲಿ ಹೇಳ್ತೀನಿ. ರೈಸ್ ಮಿಲ್ ಪಕ್ಕ ನಿಂತು ಫೋನಲ್ಲಿ ಮಾತಾಡೋದನ್ನ ನೆನಸ್ಕೊಳ್ರಿ. ಮಿಲ್ ಈಗಷ್ಟೇ ಶುರುವಾದ್ರೆ ದನಿ ಏರಿಸ್ತೀರಿ. ದಿನಪೂರ್ತಿ ಓಡ್ತಾನೇ ಇದ್ರೆ ಸಾಕಾಗಿ ಸುಮ್ಮನಾಗ್ತೀರಿ. ಡಾಲ್ಫಿನ್ ಮಾಡಿದ್ದೂ ಅದನ್ನೇ. ಹಠಾತ್ ಗದ್ದಲಕ್ಕೆ ಟಿಕ್ ಟಿಕ್ ಜಾಸ್ತಿ ಆಯ್ತು, ನಿರಂತರ ಗದ್ದಲಕ್ಕೆ ಕಮ್ಮಿ ಆಯ್ತು. ಆದರೆ ನಾವು ಸುಮ್ಮನಾದ್ರೆ ಫೋನ್ ಕಟ್ ಆಗುತ್ತೆ ಅಷ್ಟೇ. ಅದು ಸುಮ್ಮನಾದ್ರೆ ದಾರಿಯೂ ಇಲ್ಲ, ಊಟವೂ ಇಲ್ಲ. ನಾನು ಬಿ.ಕಾಂ ಓದಿದವ, ಜಮಾ-ಖರ್ಚು ಬರೆದ್ರೇನೇ ನನಗೆ ಅರ್ಥ ಆಗೋದು: ಸದ್ದು ಮಾಡೋ ಖರ್ಚು ಏರ್ತು, ಪ್ರತಿಧ್ವನಿ ಗಲಾಟೆಯಲ್ಲಿ ಮುಚ್ಚಿಹೋಗಿ ಮೀನಿನ ಜಮಾ ಇಳೀತು. ದೇಹದ ಮೇಲಿನ ಹೊರೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ ಅಂತ ಅಧ್ಯಯನದ ಅಂದಾಜು. ಬೇಸಿಗೆಯಲ್ಲಿ ನೀರು ಇಳಿದಾಗ ಇದೆಲ್ಲಾ ಇನ್ನೂ ಕೆಡುತ್ತೆ.

ನನಗೆ ಇಲ್ಲಿ ಕಾಣೋ ತೊಡಕು ಕಾನೂನಿನದ್ದು. ಅಶೋಕ ಕೊಲ್ಲಬೇಡಿ ಅಂದ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಗಂಗಾ ಡಾಲ್ಫಿನ್ ಇದೆ. ಅದರ ಮುಖ್ಯ ಮಾತೂ ಬೇಟೆ ಬೇಡ ಅಂತಲೇ. ಎಣ್ಣೆಗಾಗಿ ಡಾಲ್ಫಿನ್ ಕೊಲ್ತಿದ್ದ ಕಾಲಕ್ಕೆ ಅದು ಸರಿ, ಕೊಲ್ಲುವವನ ಕೈ ಹಿಡೀಬಹುದಿತ್ತು. ಹಡಗಿನವ ಯಾರನ್ನೂ ಕೊಲ್ಲೋಕೆ ಹೊರಟಿಲ್ಲ, ಸರಕು ಸಾಗಿಸ್ತಿದ್ದಾನೆ, ಅಷ್ಟೇ. 2009ರಲ್ಲಿ ಇದನ್ನ ರಾಷ್ಟ್ರೀಯ ಜಲಚರ ಅಂದ್ವಿ. 2025ರಲ್ಲಿ ಹೊರಬಂದ ಎಣಿಕೆಯಲ್ಲಿ ದೇಶದ ನದಿ ಡಾಲ್ಫಿನ್‌ಗಳು ಒಟ್ಟು 6,327. ಸಿಂಧನೂರಿನ ಒಂದೆರಡು ವಾರ್ಡಿನ ಜನಸಂಖ್ಯೆ ಅನ್ಕೊಳ್ರಿ.

ಇನ್ನೊಂದು ಪಟ್ಟಿ ಇದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ 111 ಜಲಮಾರ್ಗಗಳಿವೆ. ನಮ್ಮ ಕೃಷ್ಣೆಯೂ ಅದರಲ್ಲಿ ಇದ್ದಾಳೆ, ತುಂಗಭದ್ರೆಯೂ ಇದ್ದಾಳೆ. ಇಲ್ಲಿ ಡಾಲ್ಫಿನ್ ಇಲ್ಲ. ಆದರೆ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ, ಅವುಗಳಿಗಾಗಿ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನ 2015ರಲ್ಲಿ ಮೀಸಲು ಮಾಡಿದ್ದಾರೆ. ಹಡಗು ಬಂದಾವೋ ಇಲ್ಲವೋ, ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲಿ ಎಷ್ಟು ನೀರಿರುತ್ತೆ ಅಂತ ನಿಮಗೇ ಗೊತ್ತು.

ಅಶೋಕನ ಐದನೇ ಶಾಸನದಲ್ಲಿ ದಿನಗಳ ಲೆಕ್ಕವೂ ಇದೆ. ಹುಣ್ಣಿಮೆ, ಅದರ ಹಿಂದಿನ ದಿನ, ಮಾರನೇ ದಿನ, ಇಂಥ ಕೆಲವು ದಿನ ಮೀನು ಹಿಡಿಯಬಾರದು, ಮಾರಲೂಬಾರದು ಅಂತ. ಮೀನುಗಾರಿಕೆ ಪೂರ್ತಿ ನಿಲ್ಲಿಸಿ ಅಂದಿಲ್ಲ, ಕೆಲವು ದಿನ ನದಿಯನ್ನ ಅದರ ಪಾಡಿಗೆ ಬಿಡಿ ಅಂದಿದ್ದಾನೆ. 2019ರ ಅಧ್ಯಯನದವರೂ ಹಡಗು ಪೂರ್ತಿ ನಿಲ್ಲಿಸಿ ಅಂದಿಲ್ಲ: ಓಡಾಟ ತಗ್ಗಿಸಿ, ಪ್ರಾಪೆಲ್ಲರ್ ಬದಲಿಸಿ, ನದಿಯಲ್ಲಿ ಸಾಕಷ್ಟು ನೀರು ಹರಿಯೋಕೆ ಬಿಡಿ ಅಂದರು. ಮೂರರಲ್ಲಿ ಕಷ್ಟದ್ದು ಕೊನೇದು. ಕಾಲುವೆ ನೀರಿಗೆ ಕಾಯೋ ನಮಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಕಂತು ಕೃಷ್ಣೆ ನಡುವಿನ ಜಲದುರ್ಗದ ಬಗ್ಗೆ. ಬರ್ತೀನ್ರೀ.