ಲೇವಾದೇವಿಯಿಂದ ಮೇಲ್ಮನೆಗೆ: ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರ್

1919ರ ಭಾರತ ಸರ್ಕಾರ ಕಾಯ್ದೆಯಿಂದ ಹುಟ್ಟಿ 1921ರಲ್ಲಿ ಕಾರ್ಯಾರಂಭ ಮಾಡಿದ ಕೌನ್ಸಿಲ್ ಆಫ್ ಸ್ಟೇಟನ್ನು ನಮ್ಮ ಇತಿಹಾಸಕಾರರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. 60ನ್ನು ಮೀರದ ಸದಸ್ಯಬಲ, ದೇಶಕ್ಕೆಲ್ಲ ಸುಮಾರು 17 ಸಾವಿರ ಮತದಾರರು. ಅದನ್ನು ಪ್ರಜಾಪ್ರತಿನಿಧಿ ಸಭೆಯೆಂದು ಕರೆಯುವುದು ಕಷ್ಟವೇ ಸರಿ. ಆದರೆ ಅಲ್ಲಿ ಕುಳಿತವರು ಯಾರು, ಯಾವ ಸಂಪತ್ತಿನ ಬಲದಿಂದ ಕುಳಿತರು ಎಂಬ ಪ್ರಶ್ನೆ ಉಪೇಕ್ಷಣೀಯವಲ್ಲ. ಮದರಾಸು ಪ್ರಾಂತದ ಅಣ್ಣಾಮಲೈ ಚೆಟ್ಟಿಯಾರರನ್ನು ನಾವು ಇಲ್ಲಿ ಆರಿಸಿಕೊಂಡಿರುವುದು ಈ ಕಾರಣದಿಂದ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವೆಂಬುದನ್ನೂ ಮರೆಯಲಾಗದು.

1881ರಲ್ಲಿ ಕಾನಾಡುಕಾತ್ತಾನಿನಲ್ಲಿ ಜನಿಸಿದ ಅವರು ನಾಟ್ಟುಕೋಟ್ಟೈ ನಗರತ್ತಾರ್ ಸಮುದಾಯದವರು. ಬರ್ಮಾ, ಸಿಂಹಳ, ಮಲಯಗಳಲ್ಲಿ ಈ ಸಮುದಾಯದ ಲೇವಾದೇವಿ ಹರಡಿತ್ತು. ಊರಿನಿಂದ ಗುಮಾಸ್ತರನ್ನು ಕೆಲವು ವರ್ಷಗಳ ಅವಧಿಗೆ ಕಳುಹಿಸಿ, ಜಮೀನಿನ ಅಡಮಾನದ ಮೇಲೆ ರೈತರಿಗೆ ಸಾಲ ಕೊಡಿಸುವುದು ಅದರ ಪದ್ಧತಿ. ಅಣ್ಣಾಮಲೈಯವರು 1916ರಲ್ಲಿ ಮದರಾಸು ಶಾಸನ ಪರಿಷತ್ತನ್ನೂ ಅನಂತರ ಕೌನ್ಸಿಲ್ ಆಫ್ ಸ್ಟೇಟನ್ನೂ ಪ್ರವೇಶಿಸಿದರು. 1923ರಲ್ಲಿ ಸರ್ ಪದವಿ, 1929ರಲ್ಲಿ ವಂಶಪಾರಂಪರ್ಯವಾದ ರಾಜಾ ಬಿರುದು ದೊರೆತವು. ಬಿರುದುಗಳ ಪಟ್ಟಿಯನ್ನು ಇನ್ನೂ ಬೆಳೆಸುವ ಅಗತ್ಯವಿಲ್ಲ.

ನಿಜವಾಗಿ ವಿಚಾರಾರ್ಹವಾದುದು ಸಾಲ ಮತ್ತು ದಾನಗಳ ಸಂಬಂಧ. 1920ರಲ್ಲಿ ಚಿದಂಬರದಲ್ಲಿ ಅವರು ಶ್ರೀ ಮೀನಾಕ್ಷಿ ಕಾಲೇಜನ್ನು ಸ್ಥಾಪಿಸಿದರು. 20 ಲಕ್ಷ ರೂಪಾಯಿಗಳ ದತ್ತಿಯ ನೆರವಿನಿಂದ 1929ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯ ಉದಯಿಸಿತು. ಅದರ ಬೆನ್ನಿಗೇ ಜಾಗತಿಕ ಮುಗ್ಗಟ್ಟು ಬಂದು ಅಕ್ಕಿಯ ಬೆಲೆ ಕುಸಿಯಿತು. ಸಾಲ ತೀರಿಸಲಾರದ ಬರ್ಮೀ ರೈತರ ಗದ್ದೆಗಳು ಚೆಟ್ಟಿಯಾರರ ಕೈಸೇರಿದವು: ಕೆಳ ಬರ್ಮಾದ ಪ್ರಮುಖ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇಕಡಾ 6ರಷ್ಟಿದ್ದ ಅವರ ಒಡೆತನ 1938ರ ವೇಳೆಗೆ ಶೇಕಡಾ 25ಕ್ಕೇರಿತು. ಇದು ಇಡೀ ಸಮುದಾಯದ ಲೆಕ್ಕವೇ ಹೊರತು ಒಬ್ಬರದಲ್ಲ. ಸಾಲ ಕೊಡುವವ ಬಯಸಿದ್ದು ಹಣದ ಮರುಪಾವತಿಯನ್ನು, ಪಡೆದದ್ದು ಮಾರಲಾಗದ ಭೂಮಿಯನ್ನು ಎಂಬುದೂ ನಿಜ. ಆದರೂ ಚಿದಂಬರದ ಗ್ರಂಥಾಲಯವನ್ನು ಹೊಗಳುವ ಲೇಖನಗಳು ಐರಾವತಿಯ ಬಯಲನ್ನು ಸ್ಮರಿಸದಿರುವುದು ನಮಗೆ ಅಪೂರ್ಣ ಇತಿಹಾಸವೆಂದೇ ತೋರುತ್ತದೆ.

ಅವರ ಕಡೆಯ ದಶಕದ ಸಾಹಸ ತಮಿಳ್ ಇಸೈ ಚಳುವಳಿ. ತಮಿಳುನಾಡಿನ ಕಛೇರಿಗಳಲ್ಲಿ ತೆಲುಗು, ಸಂಸ್ಕೃತ ಕೃತಿಗಳೇ ತುಂಬಿವೆ, ತಮಿಳಿಗೆ ಸ್ಥಾನವಿಲ್ಲ ಎಂಬುದು ಅದರ ದೂರು. 1941ರಲ್ಲಿ ವಿಶ್ವವಿದ್ಯಾನಿಲಯದಲ್ಲೇ ಸಮ್ಮೇಳನ ಸೇರಿತು. 1943ರಲ್ಲಿ ಮದರಾಸಿನಲ್ಲಿ ತಮಿಳ್ ಇಸೈ ಸಂಗಮ್ ಸ್ಥಾಪನೆಗೊಂಡಿತು. ರಾಜಾಜಿ, ಕಲ್ಕಿ ಬೆಂಬಲಿಸಿದರು. ಸಂಗೀತಕ್ಕೆ ಭಾಷೆಯ ಗಡಿ ಸಲ್ಲದೆಂದು ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ವಲಯ ವಿರೋಧಿಸಿತು. ಪುರಂದರದಾಸರ ಪಿಳ್ಳಾರಿ ಗೀತೆಗಳಿಂದಲೇ ಪಾಠ ಆರಂಭಿಸುವ ಸಂಗೀತಪರಂಪರೆಯಲ್ಲಿ ಈ ವಿವಾದವನ್ನು ಕನ್ನಡ ಸಂಶೋಧಕರು ದೂರದಿಂದ ನೋಡಿದ್ದೇ ಹೆಚ್ಚು. ಹೊರನಾಡ ಕನ್ನಡಿಗರಿಗೆ ಅದು ತಮ್ಮ ಪ್ರಶ್ನೆಯೂ ಹೌದು.

1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿದಾಗ ಚೆಟ್ಟಿಯಾರರ ವ್ಯವಹಾರ ನೆಲಕಚ್ಚಿತು. 1948ರ ಜೂನ್ 15ರಂದು ಅಣ್ಣಾಮಲೈಯವರು ತೀರಿಕೊಂಡರು. ಸ್ಥಾಪಕರ ವಂಶಕ್ಕೆ ವಿಶ್ವವಿದ್ಯಾನಿಲಯದ ಸಹಕುಲಾಧಿಪತಿ ಸ್ಥಾನ ಉಳಿದಿತ್ತು. ಆರ್ಥಿಕ ಬಿಕ್ಕಟ್ಟಿನ ನಂತರ 2013ರ ಕಾಯ್ದೆಯ ಮೂಲಕ ತಮಿಳುನಾಡು ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು.