ಬನಶಂಕರಿ ಸೀಮೆಯ ರೂಪಕಲೆ: ಗುಡಿಯಿಂದ ಹೊಸ್ತಿಲಿನವರೆಗೆ

ಮಾನವನು ತನ್ನ ಅಂತರಂಗದ ಭಾವವನ್ನು ನುಡಿಯಿಂದ ಪ್ರಕಟಿಸುವಂತೆಯೇ ರೂಪದಿಂದಲೂ ಪ್ರಕಟಿಸುವನು. ನುಡಿಯು ಕಿವಿಗೆ ವಿಷಯ. ರೂಪವು ಕಣ್ಣಿಗೆ ವಿಷಯ. ನಾಡಿನ ಇತಿಹಾಸವನ್ನು ಬರೆಯುವವರು ಶಾಸನ, ಕಾವ್ಯ, ರಾಜವಂಶಾವಳಿಗಳನ್ನು ಆದರದಿಂದ ಸಂಗ್ರಹಿಸುವರು. ಆದರೆ ಹೊಸ್ತಿಲ ಮುಂದಣ ರಂಗವಲ್ಲಿ, ಹಣೆಯ ಮೇಲಣ ವಿಭೂತಿ, ಸೀರೆಯ ಸೆರಗು, ಕಾರ್ತಿಕದ ದೀಪ, ಇವುಗಳನ್ನು ಇತಿಹಾಸದ ಸಾಮಗ್ರಿಯೆಂದು ಎಣಿಸುವವರು ವಿರಳ. ಶಿಲೆಯಲ್ಲಿ ಕಡೆದುದು ಮಾತ್ರ ಕಲೆ, ಕೈಯಲ್ಲಿ ಬರೆದು ಸಂಜೆಯೊಳಗೆ ಅಳಿದುಹೋಗುವುದು ಕೇವಲ ವಾಡಿಕೆ ಎಂಬ ಭಾವನೆಯು ಬಲವಾಗಿ ಬೇರೂರಿರುವುದು. ಈ ಭಾವನೆಯು ಎಷ್ಟು ಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸಲು ಬೆಂಗಳೂರಿನ ದಕ್ಷಿಣ ಭಾಗದ ಗವಿಪುರ, ಬಸವನಗುಡಿ, ಬನಶಂಕರಿಗಳ ಸೀಮೆಗಿಂತ ಉತ್ತಮವಾದ ಕ್ಷೇತ್ರವು ದುರ್ಲಭ.

ಮೊದಲು ದೊಡ್ಡಬಸವಣ್ಣನ ಸನ್ನಿಧಿಯನ್ನೇ ನೋಡಬಹುದು. ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ನಿರ್ಮಿಸಿದರು. ಈ ಗುಡಿಯೂ ಅವರಿಂದಲೇ ಆದುದೆಂದು ಪ್ರಸಿದ್ಧಿ. 1898ರ ಮಹಾಮಾರಿಯ ತರುವಾಯ ಊರನ್ನು ವಿಸ್ತರಿಸಿದಾಗ ಹೊಸ ಬಡಾವಣೆಗೆ ಈ ಗುಡಿಯ ಹೆಸರೇ ಬಂದಿತು. ಒಂದೇ ಬಂಡೆಯಲ್ಲಿ ಕಡೆದ ಬಸವನು ಸುಮಾರು 15 ಅಡಿ ಎತ್ತರ, 20 ಅಡಿ ಉದ್ದವಿರುವನು. ದರ್ಶನಾರ್ಥಿಗಳ ಕಣ್ಣಿಗೆ ಆತನು ಕಾರ್ಗಪ್ಪು ಬಣ್ಣದವನಾಗಿ ಕಾಣುವನು. ವಾಸ್ತವದಲ್ಲಿ ಆ ಶಿಲೆಯ ಸಹಜ ವರ್ಣವು ಬೂದು. ಎಣ್ಣೆ, ಇದ್ದಿಲುಗಳ ಲೇಪವನ್ನು ತಲೆತಲಾಂತರದಿಂದ ಬಳಿಯುತ್ತ ಬಂದುದರಿಂದ ಈ ಹೊಳಪಿನ ಕಪ್ಪು ಉಂಟಾಗಿರುವುದು. ಶಿಲ್ಪಿಯು ಆಕಾರವನ್ನು ಕೊಟ್ಟನು. ಬಣ್ಣವನ್ನು ಕೊಟ್ಟವರು ಸೇವಾಕರ್ತರು. ಮೊದಲನೆಯದು ಒಮ್ಮೆ ಮುಗಿದ ಕಾರ್ಯ; ಎರಡನೆಯದು ಎಂದಿಗೂ ಮುಗಿಯದ ಕಾರ್ಯ.

ಈ ಬಸವನು ಸಮುದಾಯದ ಕಣ್ಣಿಗೆ ಪೂರ್ಣರೂಪದಲ್ಲಿ ಕಾಣುವುದು ಕಾರ್ತಿಕದ ಕಡೆಯ ಸೋಮವಾರದಂದು. ಕಡಲೆಕಾಯಿಯ ಬೆಳೆಯನ್ನು ಮೇಯುತ್ತಿದ್ದ ಗೂಳಿಯೊಂದು ಇಲ್ಲಿ ಶಿಲೆಯಾಯಿತೆಂದೂ, ಅಂದಿನಿಂದ ಸುತ್ತಣ ಹಳ್ಳಿಗಳ ರೈತರು ಮೊದಲ ಫಸಲನ್ನು ಬಸವನಿಗೆ ಒಪ್ಪಿಸುವ ನಿಯಮವನ್ನು ಕೈಕೊಂಡರೆಂದೂ ಐತಿಹ್ಯವುಂಟು. ಪರಿಷೆಯ ದಿನ ಗುಡಿಯ ಹಾದಿಯ ಇಕ್ಕೆಲಗಳಲ್ಲಿ ರಾಶಿರಾಶಿಯಾಗಿ ಸುರಿದ ಕಡಲೆಕಾಯಿ, ಬಿದಿರಿನ ಹೊಸ ಮೊರ ಬುಟ್ಟಿಗಳು, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಬತ್ತಾಸು ಕಲ್ಯಾಣಸೇವೆಗಳ ಅಂಗಡಿಗಳು, ಇವೆಲ್ಲವೂ ಸೇರಿ ರಚಿಸುವ ಚಿತ್ರಕ್ಕೆ ಒಬ್ಬ ಕರ್ತೃವಿಲ್ಲ. ಒಂದೆರಡು ದಿನಗಳಲ್ಲಿ ಅದು ಗುಡಿಸಿ ಹೋಗುವುದು. ಮರುವರ್ಷ ಯಾರೂ ಹೇಳಿಕೊಡದೆ ಅದೇ ಹಾದಿಯಲ್ಲಿ ಮತ್ತೆ ಮೂಡುವುದು.

ಬಸವನಗುಡಿಗೆ ಅನತಿದೂರದಲ್ಲಿ ಗವಿಗಂಗಾಧರೇಶ್ವರನ ಗುಹಾಲಯವಿರುವುದು. ಅಂಗಳದಲ್ಲಿ ಏಕಶಿಲೆಯ ಎತ್ತರದ ಕಂಬಗಳ ಮೇಲೆ ಸೂರ್ಯಪಾನ ಚಂದ್ರಪಾನಗಳೆಂಬ ಎರಡು ಶಿಲಾಚಕ್ರಗಳೂ, ತ್ರಿಶೂಲ ಡಮರುಗಳೂ ನಿಂತಿರುವುವು. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಗವಿಯೊಳಗಿನ ಲಿಂಗವನ್ನು ಬೆಳಗುವುದನ್ನು ಕಾಣಲು ಸಾವಿರಾರು ಜನರು ನೆರೆಯುವರು. ಬೆಳಕನ್ನೇ ಕುಂಚವನ್ನಾಗಿ ಬಳಸಿದ ಈ ಕೌಶಲವು ಅದ್ಭುತವಾದುದು. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಎಂಬವರು 1792ರಲ್ಲಿ ಈ ಸೀಮೆಗೆ ಬಂದು ಈ ಆಲಯದ ಚಿತ್ರಗಳನ್ನು ಬರೆದರು. ಆ ಚಿತ್ರಗಳನ್ನು ಈಗಿನ ಕಟ್ಟಡದೊಡನೆ ಹೋಲಿಸಿದ ಖಗೋಳಶಾಸ್ತ್ರಜ್ಞರು, ಅನಂತರದ ಕಾಲದಲ್ಲಿ ಹೊಸ ಗೋಡೆ ಕಟ್ಟಡಗಳು ಸೇರಿ ಬೆಳಕಿನ ಹಾದಿಯೇ ಮಾರ್ಪಟ್ಟಿತೆಂದು ಊಹಿಸಿರುವರು. ಅಚಲವೆಂದು ತಿಳಿದ ಶಿಲಾಲಯವೂ ಚಲಿಸುವುದುಂಟು. ಆದರೆ ಆ ಸಂಜೆ ನೆರೆದು ನೋಡುವ ಜನರ ನಿಯಮವು ಮಾತ್ರ ತಪ್ಪಿಲ್ಲ.

ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದ ಕಾಲದಲ್ಲಿಯೇ ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ ಉತ್ತರಕ್ಕಿರುವ ಲೇಪಾಕ್ಷಿಯ ವೀರಭದ್ರಾಲಯವು ವಿರೂಪಣ್ಣ, ವೀರಣ್ಣ ಎಂಬ ಸಹೋದರರಿಂದ ಪೂರ್ಣಗೊಂಡಿತು. ಅಲ್ಲಿಯೂ ಏಕಶಿಲೆಯ ಬೃಹತ್ ಬಸವನಿರುವನು. ಅಲ್ಲಿಯ ಮಾಳಿಗೆಯ ಒಳಮೈಯಲ್ಲಿ ಸುಣ್ಣದ ಗಾರೆಯ ಮೇಲೆ ಕಾವಿ, ಹಳದಿ, ಕಪ್ಪು, ಬಿಳುಪುಗಳಿಂದ ಬರೆದ ವೀರಭದ್ರನ ಮಹಾಚಿತ್ರವು ಲೋಕಪ್ರಸಿದ್ಧ. ಆ ಚಿತ್ರಗಳಲ್ಲಿ ದೇವತೆಗಳಿಗಿಂತಲೂ ಮಿಗಿಲಾಗಿ ಕಣ್ಸೆಳೆಯುವುದು ಸ್ತ್ರೀಪುರುಷರು ಉಟ್ಟ ಬಟ್ಟೆಗಳ ಅಂಚು, ಹೂಬಳ್ಳಿ, ಪಟ್ಟೆ, ಚೌಕಳಿಗಳು. ನೇಕಾರನ ಮಗ್ಗದಿಂದ ಚಿತ್ರಕಾರನ ಕುಂಚಕ್ಕೆ ಬಂದ ಆ ಅಂಚುಗಳನ್ನು ಇಂದಿನ ನೇಕಾರರು ಮರಳಿ ಮಗ್ಗಕ್ಕೆ ತಂದಿರುವರು. ಮನೆಯ ರೂಪವು ಗುಡಿಯನ್ನೇರಿತು. ಗುಡಿಯ ರೂಪವು ಮನೆಗಿಳಿಯಿತು.

ಇಲ್ಲಿ ಒಂದು ಶಂಕೆಯು ಸಹಜವಾಗಿ ಹುಟ್ಟುವುದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಸ್ಥಾವರಾರಾಧನೆಯನ್ನು ಬಿಟ್ಟು ಇಷ್ಟಲಿಂಗವನ್ನು ಹಿಡಿದವರು. ಅವರು ಗುಡಿಯೊಡನೆ ರೂಪವನ್ನೂ ತೊರೆದರೇ? ಸೂಕ್ಷ್ಮವಾಗಿ ವಿಚಾರಿಸಿದಲ್ಲಿ ಹಾಗೆ ಆಗಲಿಲ್ಲವೆಂದೇ ಹೇಳಬೇಕಾಗುವುದು. ಅವರು ರೂಪವನ್ನು ಗರ್ಭಗುಡಿಯಿಂದ ಕರತಲಕ್ಕೆ ತಂದರು. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಅನಿಮಿಷ ದೃಷ್ಟಿಯಿಂದ ನಿರೀಕ್ಷಿಸುವುದೇ ಲಿಂಗಪೂಜೆಯ ಹೃದಯವಲ್ಲವೇ! ಲಿಂಗದ ಮೇಲಣ ನುಣುಪಾದ ಕಪ್ಪು ಲೇಪವು ದೃಷ್ಟಿಯನ್ನು ಒಂದೆಡೆ ನಿಲ್ಲಿಸುವುದು. ಆ ಲಿಂಗವನ್ನು ಧರಿಸುವ ಬೆಳ್ಳಿಯ ಕರಡಿಗೆ, ಗುಂಡಗಡಿಗೆಗಳು ಅಕ್ಕಸಾಲೆಯ ಕೈಯಲ್ಲಿ ಎಷ್ಟೋ ಬಗೆಯ ಚೆಲುವನ್ನು ಪಡೆದಿರುವುವು. ಮುಬ್ಬೆರಳಿನಿಂದ ಧರಿಸುವ ವಿಭೂತಿ, ಕೊರಳಿನ ರುದ್ರಾಕ್ಷಿ, ವೀರಗಾಸೆಯವರ ಕೆಂಪು ಉಡುಗೆ ಹಾಗೂ ಬಿಳಿಯ ಜಟೆ, ಉತ್ಸವದ ನಂದಿಕೋಲು, ಇವೆಲ್ಲವೂ ದೇಹವನ್ನೇ ದೇಗುಲವನ್ನಾಗಿಸಿದ ರೂಪಗಳು. ಇನ್ನು ಕಾಯಕದ ವಿಷಯ: ಜೇಡರ ದಾಸಿಮಯ್ಯನು ನೇಯುವವನು, ಮಡಿವಾಳ ಮಾಚಯ್ಯನು ಮಡಿ ಮಾಡುವವನು. ಕೈಗೆಲಸಕ್ಕೆ ಪೂಜೆಯ ಪದವಿಯನ್ನಿತ್ತ ಪರಂಪರೆಯಲ್ಲಿ ನಿತ್ಯದ ರೂಪವು ಕೀಳೆನಿಸಲು ಎಡೆಯಿಲ್ಲ.

ಈ ಮಾತಿಗೆ ಬನಶಂಕರಿಯೇ ಸಾಕ್ಷಿಯಾಗಿರುವಳು. ಕನಕಪುರದ ರಸ್ತೆಯ ಬನಶಂಕರಿ ಗುಡಿಯು 1915ರಲ್ಲಿ ಸ್ಥಾಪನೆಯಾಯಿತು. ಈ ದೇವಿಯ ಮೂಲಸ್ಥಾನವು ಬಾದಾಮಿಗೆ ಸಮೀಪದ ಚೋಳಚಗುಡ್ಡ. ಬನದಲ್ಲಿ ನೆಲೆಸಿದುದರಿಂದ ಬನಶಂಕರಿ. ಕ್ಷಾಮಕಾಲದಲ್ಲಿ ಕಾಯಿಪಲ್ಲೆಗಳಿಂದ ಲೋಕವನ್ನು ಸಲಹಿದುದರಿಂದ ಶಾಕಂಭರಿ. ಪುಷ್ಯಮಾಸದ ಬನದ ಹುಣ್ಣಿಮೆಗೆ ಅಲ್ಲಿ ಜಾತ್ರೆ ಕೂಡುವುದು. ಅದಕ್ಕೆ ಮುನ್ನ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳನ್ನು ದೇವಿಗೆ ಅರ್ಪಿಸುವರು. ಹಸಿರು, ಕೆಂಪು, ಹಳದಿ, ನೇರಿಳೆಗಳ ಆ ನೈವೇದ್ಯವು ನಾಲಗೆಗೆ ಮುಂಚೆ ಕಣ್ಣನ್ನು ತಣಿಸುವುದು. ಉತ್ತರದ ಈ ದೇವಿಯು ದಕ್ಷಿಣಕ್ಕೆ ಬಂದ ಮೇಲೆ ಇಲ್ಲಿಯ ಜನರು ಆಕೆಗೆ ತಮ್ಮದೇ ಆದ ರೂಪಸೇವೆಯನ್ನು ಸಲ್ಲಿಸಿದರು. ಮಂಗಳ, ಶುಕ್ರ, ಆದಿತ್ಯವಾರಗಳ ರಾಹುಕಾಲದಲ್ಲಿ ನಿಂಬೆಹಣ್ಣನ್ನು ಇಬ್ಭಾಗಿಸಿ, ರಸವನ್ನು ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ, ಎಣ್ಣೆ ಬತ್ತಿಗಳನ್ನಿಟ್ಟು ಬೆಳಗುವರು. ಶುಭಕಾರ್ಯಕ್ಕೆ ಲೋಕವು ವರ್ಜಿಸುವ ಹೊತ್ತನ್ನೇ ಇಲ್ಲಿ ಬೆಳಕಿನ ಹೊತ್ತನ್ನಾಗಿ ಮಾಡಿರುವರು. ಹಿತ್ತಾಳೆಯಿಲ್ಲ, ಬೆಳ್ಳಿಯಿಲ್ಲ, ಬಡವಿಯೂ ಸಿರಿವಂತೆಯೂ ತರುವ ಸೊಡರು ಒಂದೇ.

ಬಾದಾಮಿಯ ಸುತ್ತಣ ಸೀಮೆಯು ಮಗ್ಗಗಳ ಸೀಮೆ. ಬನಶಂಕರಿಯು ದೇವಾಂಗ ನೇಕಾರರ ಕುಲದೇವತೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಗಳು ಆ ನಾಡಿನ ಹೆಮ್ಮೆ. ಇಳಕಲ್ಲ ಸೀರೆಯ ಒಡಲನ್ನೂ ಸೆರಗನ್ನೂ ಎಳೆಗೆ ಎಳೆಯನ್ನು ಕೊಂಡಿಯಾಗಿ ಕೂಡಿಸಿ ನೇಯುವರು. ಸೀರೆಯ ಮೇಲೆ ಹೆಂಗಳೆಯರು ಹಾಕುವ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ಆನೆ, ನಂದಿ, ತುಳಸೀಕಟ್ಟೆ, ಕಮಲಗಳು ಮೂಡುವುವು. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಅದರ ಹೊಲಿಗೆಗಳು ನಾಲ್ಕು. ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿ ಸೂಜಿಯನ್ನು ಹಾಯಿಸುವರು. ಗಾವಂತಿಯಲ್ಲಿ ಹೋದ ದಾರವು ಅದೇ ಹಾದಿಯಲ್ಲಿ ಹಿಂದಿರುಗಿ ಬಿಟ್ಟ ತೆರವನ್ನು ತುಂಬುವುದು. ಗಂಟಿಗೆ ಅವಕಾಶವಿಲ್ಲದುದರಿಂದ ಬಟ್ಟೆಯ ಒಳಮೈಯೂ ಹೊರಮೈಯೂ ಸಮನಾಗಿ ಕಾಣುವುವು. ಒಳಗೂ ಹೊರಗೂ ಒಂದೇ ಆಗಿರಬೇಕೆಂಬ ಶೀಲವನ್ನು ಸೂಜಿಯು ಸದ್ದಿಲ್ಲದೆ ಕಲಿಸಿರುವುದು.

ದಕ್ಷಿಣದ ಮನೆಗಳ ಚುಕ್ಕಿಯ ರಂಗವಲ್ಲಿಯನ್ನು ಇದಕ್ಕೆ ಹೋಲಿಸಿದರೆ ಎರಡೂ ಒಂದೇ ವಿದ್ಯೆಯ ಶಾಖೆಗಳೆಂಬುದು ಸ್ಪಷ್ಟವಾಗುವುದು. ಅಲ್ಲಿ ಎಳೆಯ ಎಣಿಕೆ, ಇಲ್ಲಿ ಚುಕ್ಕಿಯ ಎಣಿಕೆ. ಒಂದು ಚುಕ್ಕಿ ತಪ್ಪಿದರೆ ಬಳ್ಳಿಯು ಕೂಡದು. ಒಂದು ಎಳೆ ತಪ್ಪಿದರೆ ತೇರು ನೆಟ್ಟಗೆ ನಿಲ್ಲದು. ಅಕ್ಷರವನ್ನರಿಯದ ಅಜ್ಜಿಯರು ಈ ಗಣಿತವನ್ನು ಸೊಸೆ ಮೊಮ್ಮಕ್ಕಳ ಬೆರಳಿಗೆ ಒಪ್ಪಿಸಿದರು. ಇದಕ್ಕೆ ಓಲೆಗರಿಯಿಲ್ಲ, ಶಾಸನವಿಲ್ಲ. ಬೆರಳೇ ಇದರ ಭಂಡಾರ.

ಇಂತಹ ಭಂಡಾರಕ್ಕೆ ಈಗ ಒದಗಿರುವ ಅಪಾಯವು ಅಲ್ಪವಾದುದಲ್ಲ. 1945ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿಯೂ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಏರ್ಪಟ್ಟು, ಯಡಿಯೂರು, ಕದಿರೇನಹಳ್ಳಿ, ಕತ್ತರಿಗುಪ್ಪೆ ಮೊದಲಾದ ಹಳ್ಳಿಗಳ ಹೊಲಗದ್ದೆಗಳು ಬಡಾವಣೆಗಳಲ್ಲಿ ಲೀನವಾದುವು. 2017ರಲ್ಲಿ ಬನಶಂಕರಿಗೆ ಮೆಟ್ರೋ ರೈಲೂ ಬಂದಿತು. ಜನರಿಗೆ ವಾಸಕ್ಕೆ ಮನೆಯೂ ಸಂಚಾರಕ್ಕೆ ಸೌಕರ್ಯವೂ ದೊರೆತುದು ಸಂತೋಷದ ಸಂಗತಿಯೇ. ಆದರೆ ಬಹುಮಹಡಿಯ ಮನೆಗಳಲ್ಲಿ ಸಾರಿಸುವ ಅಂಗಳವಿಲ್ಲ. ಹೊಸ್ತಿಲಿಗೆ ಅಚ್ಚೊತ್ತಿದ ಹಾಳೆಯ ರಂಗವಲ್ಲಿಯನ್ನು ಅಂಟಿಸುವರು. ಆ ಹಾಳೆಯು ತಿಂಗಳುಗಟ್ಟಲೆ ಅಳಿಯದೆ ಉಳಿಯುವುದು ನಿಜ. ಅದು ಉಳಿದಷ್ಟು ದಿನವೂ ಮನೆಯ ಮಗಳ ಬೆರಳು ಕಲಿಯದೆ ಉಳಿಯುವುದು. ಇಳಕಲ್ಲ ಸೀರೆಗೂ ಕಸೂತಿಗೂ ಭೌಗೋಳಿಕ ಗುರುತಿನ ನೋಂದಣಿ ದೊರೆತಿರುವುದು. ಅದರಿಂದ ಹೆಸರಿಗೆ ರಕ್ಷಣೆಯಾಯಿತು. ಕೈಗೆ ರಕ್ಷಣೆಯನ್ನು ಕೊಡಬೇಕಾದವರು ಮನೆಯವರೂ ಸಮಾಜದವರೂ. ಭಗ್ನವಾದ ಗುಡಿಯನ್ನು ಜೀರ್ಣೋದ್ಧಾರ ಮಾಡಬಹುದು. ಒಂದು ತಲೆಮಾರು ಕಲಿಯದೆ ಬಿಟ್ಟ ಎಣಿಕೆಯನ್ನು ಯಾವ ದ್ರವ್ಯದಿಂದಲೂ ಮರಳಿ ಕೊಳ್ಳಲಾಗದು.

ಆದುದರಿಂದ ಉತ್ಸವಕಾಲಗಳಲ್ಲಿ ಶಿಲಾಮಂಟಪಕ್ಕೆ ಸಲ್ಲುವ ಗೌರವದಲ್ಲಿ ಒಂದಂಶವಾದರೂ ಹೊಸ್ತಿಲಿಗೆ ಸಲ್ಲತಕ್ಕುದು. ಮಠದ ಅಂಗಳಗಳಲ್ಲಿ ಹಿರಿಯ ತಾಯಂದಿರಿಂದ ಬಾಲಿಕೆಯರೂ ಬಾಲಕರೂ ಚುಕ್ಕಿಯ ಎಣಿಕೆ, ಕಸೂತಿಯ ಹೊಲಿಗೆಗಳನ್ನು ಕಲಿಯುವಂತಾದರೆ ಅದೂ ಒಂದು ದಾಸೋಹವೇ ಸರಿ; ಬಡಿಸುವ ಕೈಗಳು ಇನ್ನೂ ಇರುವಾಗಲೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು. ದೊಡ್ಡಬಸವಣ್ಣನ ಮೈಯ ಕಪ್ಪು ನಾಳೆಯೂ ಹೊಳೆಯಬೇಕಾದರೆ ನಾಳೆಯೂ ಒಬ್ಬರು ಎಣ್ಣೆಯನ್ನು ಬಳಿಯಬೇಕು. ಭಕ್ತಜನರ ಕೈಗಳಿಗೆ ಆ ಸೇವೆಯು ಎಂದಿಗೂ ತಪ್ಪದಿರಲಿ! ಶುಭಂ ಭೂಯಾತ್.